ಆಟಕ್ಕೆ ಬಾರದವರ ಪಾತ್ರವನ್ನು ಕೊಲ್ಲಬೇಡಿ

ಕಬಡ್ಡಿಗೆ ಒಬ್ಬ ಬರದಿದ್ದರೆ ಆರು ಜನರೇ ಆಡಿ ಮುಗಿಸಬಹುದು. ಚೌಕಾಬಾರಕ್ಕೆ ನಾಲ್ಕನೆಯವರು ಸಿಗದಿದ್ದರೆ ಮೂರು ಮನೆಯಲ್ಲೇ ಆಟ ನಡೆಯುತ್ತದೆ. ಕಥೆ ಕಟ್ಟಿ ಆಡುವ ಆಟದಲ್ಲಿ ಹಾಗಲ್ಲ. ಆಟಗಾರ ಬಂದಿಲ್ಲ, ಸರಿ. ಆದರೆ ಅವನ ಪಾತ್ರ ಹೋದ ವಾರ ಗುಹೆಯೊಳಗೆ ನಮ್ಮ ಪಕ್ಕದಲ್ಲೇ ಪಂಜು ಹಿಡಿದು ನಿಂತಿತ್ತಲ್ಲ, ಅದು ಈಗ ಎಲ್ಲಿಗೆ ಹೋಯಿತು?

ಕೇಳುವುದಕ್ಕೆ ಮಕ್ಕಳ ಪ್ರಶ್ನೆಯಂತಿದೆ. ಇದೇ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಇಬ್ಬರು ಹದಿನೈದು ದಿನ ಮಾತು ಬಿಟ್ಟಿದ್ದರು. ಹಾಗಾಗಿ ಬರೆಯುತ್ತಿದ್ದೇವೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದದ್ದು. ಕಾಗದ, ಪೆನ್ಸಿಲ್, ನಾಲ್ಕು ಮುಖದಿಂದ ಹಿಡಿದು ಇಪ್ಪತ್ತು ಮುಖದವರೆಗಿನ ದಾಳಗಳು ಇದ್ದರೆ ಸಾಕು. ಒಬ್ಬರು ಕಥೆ ನಡೆಸುತ್ತಾರೆ. ಅವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ನಾವು ಭಾಗವತ ಅನ್ನುತ್ತೇವೆ, ಯಾಕೆಂದರೆ ಬಯಲಾಟದ ಭಾಗವತರ ಹಾಗೆ ಇಡೀ ಪ್ರಸಂಗ ಅವರ ಕೈಯಲ್ಲಿರುತ್ತದೆ. ಉಳಿದವರು ತಲಾ ಒಂದು ಪಾತ್ರ ಮಾಡಿಕೊಳ್ಳುತ್ತಾರೆ: ಒಬ್ಬ ಕತ್ತಿ ಹಿಡಿಯುವ ಯೋಧ, ಒಬ್ಬ ಮಂತ್ರವಾದಿ, ಒಬ್ಬಳು ಗಾಯ ವಾಸಿ ಮಾಡುವ ಪೂಜಾರಿಣಿ, ಬೀಗ ತೆಗೆಯುವ ಒಬ್ಬ ಕಳ್ಳ. ಭಾಗವತ ಹೇಳುತ್ತಾನೆ, ‘ಎದುರಿಗೆ ಕಬ್ಬಿಣದ ಬಾಗಿಲು, ಆಚೆ ಏನೋ ಗುರುಗುಡುತ್ತಿದೆ, ಏನು ಮಾಡುತ್ತೀರಿ?’ ಏನು ಮಾಡಬೇಕೆಂದು ನಾವು ಹೇಳಬೇಕು. ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಇದು ಒಂದು ರಾತ್ರಿಯಲ್ಲಿ ಮುಗಿಯುವುದಲ್ಲ. ಒಂದೇ ಕಥೆ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಸಾಗುತ್ತದೆ.

ನಾವು ಆರು ಜನ. ಪತ್ರಿಕೋದ್ಯಮ ಡಿಪ್ಲೊಮಾ ಒಟ್ಟಿಗೆ ಓದಿದವರು. ಈಗ ಸುದ್ದಿಯ ಕೆಲಸದಲ್ಲಿ ಉಳಿದವರು ಇಬ್ಬರೇ. ನಾವು ಜಿಲ್ಲೆಯಲ್ಲಿ ಸ್ಟ್ರಿಂಗರ್, ಇನ್ನೊಬ್ಬ ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಡೆಸ್ಕಿನಲ್ಲಿ. ಒಬ್ಬ ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುತ್ತಾನೆ. ಒಬ್ಬಳಿಗೆ ಮದುವೆಯಾಗಿ ಎರಡು ಸಣ್ಣ ಮಕ್ಕಳು. ಒಬ್ಬಳು ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟವನು ನಮ್ಮ ಭಾಗವತ. ಶನಿವಾರ ರಾತ್ರಿ ಹತ್ತಕ್ಕೆ ಫೋನಿನಲ್ಲಿ ಸೇರುತ್ತೇವೆ. ಕನ್ನಡದಲ್ಲೇ ಆಡುತ್ತೇವೆ. ದಾಳವನ್ನು ಅವರವರ ಮನೆಯಲ್ಲಿ ಹಾಕಿ ಬಂದ ಸಂಖ್ಯೆ ಹೇಳುವುದು. ಸುಳ್ಳು ಹೇಳುವುದಿಲ್ಲ ಎಂಬುದು ನಂಬಿಕೆ.

ಆರೂ ಜನ ಒಂದೇ ರಾತ್ರಿ ಸೇರಿದ್ದನ್ನು ಬೆರಳಲ್ಲಿ ಎಣಿಸಬಹುದು. ಎಮ್ಮೆ ಈಯುವುದಕ್ಕೆ ಶನಿವಾರ, ಭಾನುವಾರ ಎಂಬ ಲೆಕ್ಕವಿಲ್ಲ. ಹೆದ್ದಾರಿಯಲ್ಲಿ ಲಾರಿ ಮಗುಚಿದರೆ ಒಂಬತ್ತೂವರೆಗೆ ಡೆಸ್ಕಿನಿಂದ ನಮಗೆ ಫೋನು ಬರುತ್ತದೆ, ಫೋಟೋ ಕಳಿಸು ಅಂತ. ಮಗುವಿಗೆ ಜ್ವರ ಬಂದರೆ ಅವಳು ಬರುವುದಿಲ್ಲ. ಅವಳ ಅತ್ತೆ ಮಾವ ಜಗಲಿಯಲ್ಲಿ ಮಲಗಿದ್ದರೂ ಬರುವುದಿಲ್ಲ. ಫೋನಿನಲ್ಲಿ ‘ನಾನು ರಾಕ್ಷಸನ ಕಾಲಿಗೆ ಹೊಡೆದೆ’ ಅಂತ ಯಾರೆದುರು ಕೂಗುವುದು? ಕರೆಂಟು, ನೆಟ್‌ವರ್ಕು ಇವೆರಡನ್ನು ಬಿಡಿ, ಅವು ಎಲ್ಲರಿಗೂ ಒಂದೇ.

ಜಗಳ ಆದದ್ದು ಇವಳ ಪಾತ್ರದ ಮೇಲೆ. ಇವಳೇ ನಮ್ಮ ಪೂಜಾರಿಣಿ, ಗಾಯ ವಾಸಿ ಮಾಡುವವಳು. ಸತತ ಮೂರು ಶನಿವಾರ ಬರಲಾಗಲಿಲ್ಲ. ಮೂರನೆಯ ವಾರ ಡೆಸ್ಕಿನ ಗೆಳೆಯ ಒಂದು ಉಪಾಯ ಹೇಳಿದ. ‘ಆಕಿ ಪಾತ್ರ ನಮ್ಮನ್ನ ಉಳಿಸ್ಲಿಕ್ಕೆ ಹೋಗಿ ಸತ್ತಂಗ ಮಾಡೋಣು. ಕತಿಗೆ ಒಂದ್ ತೂಕ ಬರ್ತದ.’ ಕಥೆಯ ಮಟ್ಟಿಗೆ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಸತ್ತರೆ ಅಳು ಬರುತ್ತದೆ, ಅತ್ತರೆ ಕಥೆ ನೆನಪಿನಲ್ಲಿ ಉಳಿಯುತ್ತದೆ. ಗ್ರಂಥಾಲಯದ ಗೆಳತಿ ಒಪ್ಪಲಿಲ್ಲ. ‘ನಾಳೆ ಬಂದು ಆಕಿ ಕೇಳಿದ್ರ ಏನ್ ಹೇಳ್ತಿ? ಮಗೀಗೆ ಜ್ವರ ಬಂದಿತ್ತು, ಅದಕ್ಕ ನಿನ್ನ ಕೊಂದ್ವಿ ಅಂತೀಯೇನು?’ ಅಲ್ಲಿಂದ ಮಾತು ಬೆಳೆದು ಆ ರಾತ್ರಿಯ ಆಟ ನಿಂತಿತು.

ನಾವು ಗ್ರಂಥಾಲಯದ ಗೆಳತಿಯ ಕಡೆ. ಅವಳು ಹೇಳಿದ್ದಕ್ಕೆ ನಮ್ಮದೂ ಒಂದಿಷ್ಟು ಸೇರಿಸಿ ಹೇಳುತ್ತೇವೆ.

ಈ ಆಟದ 2014ರ ಮಾರ್ಗದರ್ಶಿ ಪುಸ್ತಕದಲ್ಲಿ ಬಾರದ ಆಟಗಾರನ ಪಾತ್ರಕ್ಕೆ ನಾಲ್ಕು ದಾರಿ ಹೇಳಿದ್ದಾರೆ. ಬೇರೆ ಆಟಗಾರನೊಬ್ಬ ಆ ಪಾತ್ರವನ್ನೂ ಆಡಿಸಬಹುದು. ಭಾಗವತನೇ ಆಡಿಸಬಹುದು. ಪಾತ್ರ ಅಲ್ಲಿಲ್ಲ ಎಂದು ಕಥೆಯೊಳಗೇ ಒಂದು ಕಾರಣ ಕಟ್ಟಬಹುದು. ಇಲ್ಲವೇ ಪಾತ್ರ ಇದೆ, ಆದರೆ ಅದರ ತಂಟೆಗೆ ಯಾರೂ ಹೋಗುವುದಿಲ್ಲ, ಅದೂ ಯಾರ ತಂಟೆಗೂ ಹೋಗುವುದಿಲ್ಲ ಎಂದು ಎಲ್ಲರೂ ಸೇರಿ ಸುಮ್ಮನಾಗಬಹುದು. ಈ ಕೊನೆಯದನ್ನು ವಿವರಿಸಲು ಪುಸ್ತಕ ಒಂದು ಪ್ಯಾರಾ ತೆಗೆದುಕೊಂಡಿದೆ. ನಮ್ಮಲ್ಲಿ ಎರಡು ಪದ ಸಾಕು: ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಕೊಲ್ಲುವುದು ಆ ನಾಲ್ಕರಲ್ಲಿ ಇಲ್ಲ, ಗಮನಿಸಿ.

ಮೊದಲನೆಯ ದಾರಿ ನೋಡಲು ಸಲೀಸು, ಆದರೆ ನಮಗೆ ಹೆದರಿಕೆ ಇರುವುದು ಅದರ ಮೇಲೆಯೇ. ನಮ್ಮ ಪರಿಚಯದವನೊಬ್ಬ ಬೇರೆ ಗುಂಪಿನಲ್ಲಿ ಆಡುತ್ತಿದ್ದ. ಅವನದು ಕುಳ್ಳ ಯೋಧ, ಎಂಟು ತಿಂಗಳು ಆಡಿ ಬೆಳೆಸಿದ ಪಾತ್ರ. ಮೆಣಸಿನಕಾಯಿ ಕೊಯ್ಲಿನ ಸಮಯದಲ್ಲಿ ಎರಡು ವಾರ ಆಟಕ್ಕೆ ಹೋಗಲಿಲ್ಲ. ಪಾತ್ರದ ಹಾಳೆ ಇನ್ನೊಬ್ಬನ ಕೈಗೆ ಹೋಯಿತು. ಆ ಇನ್ನೊಬ್ಬ ಏನು ಮಾಡಿದ ಗೊತ್ತೇ? ಸುರಂಗದಲ್ಲಿ ಎಲ್ಲೆಲ್ಲಿ ಗುಪ್ತ ಗುಂಡಿ, ವಿಷದ ಬಾಣ ಇರಬಹುದೆಂಬ ಅನುಮಾನ ಬಂತೋ ಅಲ್ಲೆಲ್ಲ ಈ ಯೋಧನನ್ನು ಮುಂದೆ ಬಿಟ್ಟ. ಸ್ವಂತ ಪಾತ್ರ ಹಿಂದೆ, ಕಡ ತಂದ ಪಾತ್ರ ಮುಂದೆ. ಬಾಡಿಗೆ ಎತ್ತು ಸಿಕ್ಕರೆ ಎರಡು ಸಾಲು ಹೆಚ್ಚು ಉಳುತ್ತಾರಲ್ಲ, ಹಾಗೆ. ಮೂರನೆಯ ಗುಂಡಿಯಲ್ಲಿ ಯೋಧ ಸತ್ತ. ಕೊಯ್ಲು ಮುಗಿಸಿ ಬಂದವನಿಗೆ ಹೊಸ ಪಾತ್ರ ಮಾಡಿಕೋ ಅಂದರಂತೆ. ಅವನು ಮಾಡಿಕೊಳ್ಳಲಿಲ್ಲ. ಆಮೇಲೆ ಆಡಲೂ ಇಲ್ಲ.

ಇಲ್ಲಿ ದ್ವೇಷ ಏನೂ ಇರಲಿಲ್ಲ ಎಂದೇ ನಾವು ತಿಳಿಯುತ್ತೇವೆ. ಪಾತ್ರ ತನ್ನದಲ್ಲ ಅಂದಾಗ ಕೈ ತಾನಾಗಿಯೇ ಸಡಿಲವಾಗುತ್ತದೆ. ಅದಕ್ಕೇ ಈ ದಾರಿ ಹಿಡಿಯುವುದಾದರೆ ಹಾಳೆಯ ಒಡೆಯರಿಂದ ಮೊದಲೇ ಒಂದು ಮಾತು ತೆಗೆದುಕೊಳ್ಳಬೇಕು: ಯಾರ ಕೈಗೆ ಕೊಡಬಹುದು, ಯಾವ ಮದ್ದು, ಯಾವ ಮಂತ್ರ ಖರ್ಚು ಮಾಡಬಾರದು. ಒಡೆಯರಿಲ್ಲದ ರಾತ್ರಿ ಆ ಪಾತ್ರಕ್ಕೆ ಸಾವಿಲ್ಲ ಎಂಬುದನ್ನೂ ಸೇರಿಸಬೇಕು. ದಾಳ ಕೆಟ್ಟದಾಗಿ ಬಿದ್ದರೆ ಮೂರ್ಛೆ ಹೋಗಲಿ, ಕೈದಿಯಾಗಲಿ, ಕಳೆದುಹೋಗಲಿ.

ಭಾಗವತನೇ ಆಡಿಸುವುದರಲ್ಲಿ ಬೇರೆ ತೊಂದರೆ ಇದೆ. ರಾಕ್ಷಸನೂ ಅವನೇ, ರಾಕ್ಷಸನ ಮೇಲೆ ಕತ್ತಿ ಬೀಸುವವನೂ ಅವನೇ. ತನ್ನಷ್ಟಕ್ಕೆ ತಾನು ದಾಳ ಹಾಕಿಕೊಂಡು ಕೂತಿದ್ದರೆ ಉಳಿದವರು ಆಕಳಿಸುತ್ತಾರೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ರಸ ಇರುವುದು ಮೂರನೆಯ ದಾರಿಯಲ್ಲಿ, ಕಥೆಯೊಳಗೆ ಕಾರಣ ಕಟ್ಟುವುದರಲ್ಲಿ. ಅಮೆರಿಕದಲ್ಲಿ ಕ್ರಿಟಿಕಲ್ ರೋಲ್ ಎಂಬ ತಂಡ ಇದೆ. ಅವರೆಲ್ಲ ವೃತ್ತಿಯಿಂದ ಧ್ವನಿ ಕಲಾವಿದರು. 2015ರಿಂದ ತಾವು ಆಡುವ ಆಟವನ್ನೇ ಅಂತರ್ಜಾಲದಲ್ಲಿ ತೋರಿಸುತ್ತ ಬಂದವರು, ಜಗತ್ತಿನಾದ್ಯಂತ ನೋಡುಗರಿದ್ದಾರೆ. ಆ ತಂಡದ ಆಶ್ಲಿ ಜಾನ್ಸನ್ ಎಂಬ ನಟಿಗೆ ನ್ಯೂಯಾರ್ಕಿನಲ್ಲಿ ಬ್ಲೈಂಡ್‌ಸ್ಪಾಟ್ ಎಂಬ ಧಾರಾವಾಹಿಯ ಚಿತ್ರೀಕರಣ. ಆಟ ನಡೆಯುವುದು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸಿನಲ್ಲಿ. ವಾರ ವಾರ ಬರಲು ಸಾಧ್ಯವೇ ಇಲ್ಲ.

2018ರಲ್ಲಿ ಹೊಸ ಕಥೆ ಶುರುವಾದಾಗ ಅವಳ ಪಾತ್ರ ಯಾಶಾ ಎಂಬ ಕಟ್ಟುಮಸ್ತಾದ ಯೋಧೆ. ಯಾಶಾ ಬಿರುಗಾಳಿಯ ದೇವರ ಹಿಂದೆ ಬಿದ್ದವಳು. ಗುಡುಗು ಕೇಳಿದರೆ ಹೇಳದೆ ಕೇಳದೆ ಎದ್ದು ಹೋಗುತ್ತಾಳೆ, ಯಾವಾಗಲೋ ಒಂದು ದಿನ ತಿರುಗಿ ಬರುತ್ತಾಳೆ. ಎಲ್ಲಿಗೆ ಹೋಗಿದ್ದೆ ಅಂದರೆ ಹೆಚ್ಚು ಮಾತಿಲ್ಲ. ನಟಿ ಬರಲಾಗದ್ದನ್ನು ಮುಚ್ಚಿಹಾಕಲಿಲ್ಲ, ಪಾತ್ರದ ಗುಣವನ್ನಾಗಿಯೇ ಮಾಡಿಬಿಟ್ಟರು. ನೋಡುವವರಿಗೆ ಯಾಶಾ ಇಲ್ಲದ ವಾರವೂ ಯಾಶಾಳ ಬಗ್ಗೆ ಒಂದು ಕುತೂಹಲ ಇರುತ್ತಿತ್ತು.

ಅದೇ ವರ್ಷ ಇನ್ನೊಂದು ಆಯಿತು. ಅದೇ ತಂಡದ ಗಂಡ ಹೆಂಡತಿ, ಟ್ರಾವಿಸ್ ವಿಲಿಂಗ್‌ಹ್ಯಾಮ್ ಮತ್ತು ಲಾರಾ ಬೈಲಿ, ಮಗು ಹುಟ್ಟುವ ಸಮಯಕ್ಕೆ ರಜೆ ತೆಗೆದುಕೊಂಡರು. ಆಶ್ಲಿಯೂ ಊರಲ್ಲಿಲ್ಲ. ಒಟ್ಟಿಗೆ ಮೂವರು ಗೈರು. ಕಥೆ ನಡೆಸುವ ಮ್ಯಾಥ್ಯೂ ಮರ್ಸರ್ ಏನು ಮಾಡಿದರೆಂದರೆ, ಮನುಷ್ಯರನ್ನು ಹಿಡಿದು ಮಾರುವ ಗುಂಪೊಂದು ಬಂದು ಆ ಮೂವರ ಪಾತ್ರಗಳನ್ನೂ ರಾತ್ರೋರಾತ್ರಿ ಹೊತ್ತೊಯ್ದಿತು. ಉಳಿದವರು ಬಿಡಿಸಿಕೊಂಡು ಬರಲು ಹೊರಟರು. ಹಾದಿಯಲ್ಲಿ ಕಾದಾಟ. ಅದರಲ್ಲಿ ಟ್ಯಾಲಿಸಿನ್ ಜಾಫಿ ಎಂಬುವವರ ಪಾತ್ರ, ನೋಡುಗರಿಗೆಲ್ಲ ಬಹಳ ಹಿಡಿಸಿದ್ದ ಮಾಲಿಮಾಕ್, ಸತ್ತೇಹೋದ.

ಸತ್ತದ್ದು ಯಾರು ನೋಡಿ. ಆ ರಾತ್ರಿ ಮೇಜಿನ ಮುಂದೆ ಕೂತು ಸ್ವಂತ ಕೈಯಿಂದ ದಾಳ ಹಾಕಿದವರ ಪಾತ್ರ. ಬಾಣಂತನಕ್ಕೆ ಹೋದವಳ ಪಾತ್ರ ಬಂಧನದಲ್ಲಿದ್ದರೂ ಜೀವಂತ ಇತ್ತು. ಅವಳು ಮರಳಿದಾಗ ಪಾತ್ರವೂ ಮರಳಿತು. ಕಥೆಗೆ ತೂಕ ಬೇಕು ಅನ್ನುವ ನಮ್ಮ ಡೆಸ್ಕಿನ ಗೆಳೆಯನಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತೋಚಲಿಲ್ಲ. ತೂಕ ಬಂತು, ಅದಕ್ಕೆ ಬೆಲೆ ಕೊಟ್ಟವರು ಎದುರಿಗೆ ಇದ್ದವರು.

ಕಾರಣ ಕಟ್ಟುವುದು ನಮ್ಮವರಿಗೆ ಹೊಸತೂ ಅಲ್ಲ. ವನವಾಸದ ಹೊತ್ತಿಗೆ ಅರ್ಜುನ ಐದು ವರ್ಷ ಅಣ್ಣತಮ್ಮಂದಿರ ಜೊತೆ ಇರಲೇ ಇಲ್ಲ. ಎಲ್ಲಿಗೆ ಹೋಗಿದ್ದ? ದಿವ್ಯಾಸ್ತ್ರ ತರಲು, ಇಂದ್ರಲೋಕಕ್ಕೆ. ಬಿಲ್ಲುಗಾರ ಹೋಗಬೇಕಾದ ಕೆಲಸಕ್ಕೇ ಹೋದ. ಕುರುಕ್ಷೇತ್ರದಲ್ಲಿ ಬಲರಾಮ ಯಾಕಿಲ್ಲ? ಎರಡೂ ಕಡೆ ಶಿಷ್ಯರು, ಯಾರ ಮೇಲೂ ಗದೆ ಎತ್ತಲಾರ, ತೀರ್ಥಯಾತ್ರೆಗೆ ಹೊರಟ. ಚಕ್ರವ್ಯೂಹದ ದಿನ ಅರ್ಜುನ ಎಲ್ಲಿದ್ದ? ಸಂಶಪ್ತಕರು ಯುದ್ಧಕ್ಕೆ ಕರೆದು ದೂರ ಎಳೆದೊಯ್ದಿದ್ದರು. ಕರೆದವರಿಗೆ ಬೆನ್ನು ತೋರಿಸುವವನಲ್ಲ ಅವನು. ಮೂರಕ್ಕೂ ಕಾರಣ ಆಯಾ ವ್ಯಕ್ತಿಯ ಸ್ವಭಾವದೊಳಗಿನಿಂದಲೇ ಹುಟ್ಟಿದೆ. ಟಿವಿ ಧಾರಾವಾಹಿಯವರ ಹಾಗೆ, ನಟ ಬಿಟ್ಟು ಹೋದ ಅಂದ ಕೂಡಲೇ ಪಾತ್ರವನ್ನು ವಿಮಾನ ಹತ್ತಿಸುವುದಲ್ಲ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿ ಮಾಡಿಸಿ ಬೇರೆ ಮುಖ ತರಿಸುವುದಲ್ಲ.

ನಮ್ಮ ಗುಂಪಿನಲ್ಲಿ ಈಗ ಹೀಗೆ ಮಾಡುತ್ತೇವೆ. ಪಾತ್ರ ಮಾಡಿಕೊಳ್ಳುವ ದಿನವೇ ಹಾಳೆಯ ಹಿಂದೆ ಒಂದು ಸಾಲು ಬರೆಯಬೇಕು: ನಾನು ಬಾರದ ದಿನ ಇವನು ಎಲ್ಲಿರುತ್ತಾನೆ. ಮಂತ್ರವಾದಿ ಹೊಸ ಮಂತ್ರಗಳನ್ನು ತನ್ನ ಪುಸ್ತಕಕ್ಕೆ ನಕಲು ಮಾಡುತ್ತಿರುತ್ತಾನೆ. ಇದಕ್ಕೆ ನಿಯಮದಲ್ಲೇ ಆಧಾರ ಇದೆ, ಮಂತ್ರದ ಒಂದೊಂದು ಹಂತಕ್ಕೂ 2 ಗಂಟೆ ಮತ್ತು 50 ಚಿನ್ನದ ನಾಣ್ಯ ಖರ್ಚು. ಮೂರನೆಯ ಹಂತದ ಮಂತ್ರ ಅಂದರೆ 6 ಗಂಟೆ, 150 ನಾಣ್ಯ. ಒಂದು ರಾತ್ರಿಯ ಆಟ ಅದರಲ್ಲೇ ಕಳೆಯುತ್ತದೆ. ಎಮ್ಮೆಯ ಗೆಳೆಯನದು ಕಾಡಿನ ಬೇಟೆಗಾರ, ಅವನು ಒಂದು ಹರದಾರಿ ಮುಂದೆ ಹೋಗಿ ಹಾದಿ ನೋಡುತ್ತಿರುತ್ತಾನೆ. ನಮ್ಮದು ಕಳ್ಳ. ನಾವು ಬಾರದ ದಿನ ಅವನನ್ನು ಪಟ್ಟಣದ ಕಾವಲಿನವರು ವಿಚಾರಣೆಗೆ ಕೂರಿಸಿಕೊಂಡಿರುತ್ತಾರೆ. ಠಾಣೆಯ ಮುಂದೆ ಕೂರುವುದು ನಮಗೆ ಹೇಗೂ ರೂಢಿ.

ಕಾರಣ ಒಂದೇ ವಾಕ್ಯದಲ್ಲಿರಬೇಕು ಎಂದು ನಾವು ಹಟ ಮಾಡುತ್ತೇವೆ. ಅರ್ಧ ಗಂಟೆ ಕಾರಣ ಕಟ್ಟುತ್ತ ಕೂತರೆ ಬಂದವರ ಆಟ ಬಾರದವರ ಹೆಸರಲ್ಲಿ ಹೋಗುತ್ತದೆ. ತಿರುಗಿ ಬರುವ ದಾರಿ ತೆರೆದಿರಬೇಕು. ಸಾವಿರ ಮೈಲಿ ಆಚೆ ಕಳಿಸಿಬಿಟ್ಟರೆ, ಮುಂದಿನ ವಾರ ಅವಳು ಫೋನಿಗೆ ಬಂದಾಗ ಮತ್ತೆ ತರುವುದೇ ಒಂದು ಪ್ರಸಂಗವಾಗುತ್ತದೆ. ಇನ್ನು ಕಾರಣದಲ್ಲಿ ಚುಚ್ಚು ಇರಬಾರದು. ‘ಕುಡಿದು ಬಿದ್ದಿದ್ದ’, ‘ಹೆದರಿ ಓಡಿಹೋದ’ ಅಂತ ನಗುವುದಕ್ಕೆ ಹೇಳುತ್ತಾರೆ. ಒಮ್ಮೆ ನಗು ಬರುತ್ತದೆ. ಮೂರು ಸಲ ಹಾಗೆ ಹೇಳಿಸಿಕೊಂಡವನು ನಾಲ್ಕನೆಯ ಸಲ ಬರಲು ಹಿಂದೆ ಮುಂದೆ ನೋಡುತ್ತಾನೆ.

ಆಟ ಕಾದಾಟದ ನಡುವೆ ನಿಂತಿದ್ದರೆ ಏನು ಮಾಡುವುದು? ನಿಜವಾದ ಕಷ್ಟ ಅದೇ. ಹೋದ ವಾರ ಪಕ್ಕದಲ್ಲೇ ನಿಂತು ಕತ್ತಿ ಎತ್ತಿದ್ದವಳು ಈ ವಾರ ದೇವಸ್ಥಾನಕ್ಕೆ ಹೋಗಿದ್ದಾಳೆ ಅನ್ನಲು ಬರುವುದಿಲ್ಲ. ಅಲ್ಲಿ ನಾವು ಸಂಕೋಚವಿಲ್ಲದೆ ನಾಲ್ಕನೆಯ ದಾರಿ ಹಿಡಿಯುತ್ತೇವೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವಳು ಇದ್ದಾಳೆ, ಅವಳ ಮೇಲೆ ಯಾರೂ ಕೈ ಮಾಡುವುದಿಲ್ಲ, ಭಾಗವತ ರಾಕ್ಷಸರಲ್ಲಿ ಒಬ್ಬನನ್ನು ಕಡಿಮೆ ಮಾಡುತ್ತಾನೆ. ಇದು ಕಥೆಯ ಮರ್ಯಾದೆಗೆ ಕುಂದು ಅನ್ನುವವರಿದ್ದಾರೆ. ಬೆಂಕಿ ಉಗುಳುವ ಹಾವನ್ನು ನಂಬುವವರಿಗೆ ಇದೊಂದು ನಂಬಲು ಕಷ್ಟವೇ?

ಅದಕ್ಕಿಂತ ಒಳ್ಳೆಯದು ನಡುವೆ ನಿಲ್ಲಿಸದಿರುವುದು. ಇಲ್ಲಿ ಹಳೆಯವರು ನಮಗಿಂತ ಜಾಣರಿದ್ದರು. 1974ರ ಮೊದಲ ಪುಸ್ತಕದಲ್ಲೇ ಒಂದು ಕಥೆಗೆ 4ರಿಂದ 50ರವರೆಗೆ ಆಟಗಾರರು ಇರಬಹುದು ಎಂದು ಬರೆದಿದ್ದಾರೆ. ಐವತ್ತು ಜನ ಒಂದೇ ರಾತ್ರಿ ಬರಲಿ ಎಂದಲ್ಲ. ಯಾರು ಬಂದರೋ ಅವರು ಆಡುವುದು. ಆಗಿನ ರೂಢಿಯಲ್ಲಿ ಅಂದು ಬಂದವರು ನೆಲಮಾಳಿಗೆಗೆ ಇಳಿದು, ಸಿಕ್ಕಷ್ಟು ಬಾಚಿಕೊಂಡು, ಆಟ ಮುಗಿಯುವ ಮೊದಲು ಮೇಲೆ ಬರಬೇಕು. ಪಾತ್ರಗಳೆಲ್ಲ ಊರಲ್ಲೇ ಇರುತ್ತವೆ, ಹಾಗಾಗಿ ಮುಂದಿನ ವಾರ ಯಾರು ಬಾರದಿದ್ದರೂ ಯಾರೂ ಕಾರಣ ಕೇಳುವುದಿಲ್ಲ. 1979ರ ಪುಸ್ತಕದಲ್ಲಿ ಗೈಗ್ಯಾಕ್ಸ್, ಆಟ ಇಲ್ಲದ ದಿನಗಳಲ್ಲಿ ಹೊರಗೆ ಒಂದು ದಿನ ಕಳೆದರೆ ಕಥೆಯೊಳಗೂ ಒಂದು ದಿನ ಕಳೆಯಲಿ ಎಂದರು. ಗಾಯಗೊಂಡವನು ವಾರಗಟ್ಟಲೆ ಮಲಗಿರುವುದು ಸಹಜವೇ ಆಯಿತು.

ಆಮೇಲಾಮೇಲೆ ಒಂದೇ ಉದ್ದನೆಯ ಕಥೆ, ಅದೇ ಐದಾರು ಜನ, ಪ್ರತಿ ವಾರ ಎಂಬ ಪದ್ಧತಿ ಬಲವಾಯಿತು. ಗೈರುಹಾಜರಿ ತಲೆನೋವಾದದ್ದು ಅದರ ನಂತರ. 2000ದ ದಶಕದ ಆರಂಭದಲ್ಲಿ ಬೆನ್ ರಾಬಿನ್ಸ್ ಎಂಬುವವರು ವೆಸ್ಟ್ ಮಾರ್ಚಸ್ ಹೆಸರಿನಲ್ಲಿ ಮತ್ತೆ ಹಳೆಯ ದಾರಿಗೆ ಹೋದರು. ಹತ್ತಕ್ಕೂ ಹೆಚ್ಚು ಆಟಗಾರರು, ಗೊತ್ತಾದ ದಿನ ಇಲ್ಲ, ಗೊತ್ತಾದ ತಂಡ ಇಲ್ಲ. ಯಾವಾಗ, ಯಾರ ಜೊತೆ, ಎಲ್ಲಿಗೆ ಎಂದು ಆಟಗಾರರೇ ಮಾತಾಡಿಕೊಂಡು ಹೇಳಬೇಕು. ಪ್ರತಿ ಸಲ ಊರಿನಿಂದ ಹೊರಟು ಊರಿಗೇ ಮರಳುವುದು.

ಇದಕ್ಕೂ ಮುಂದೆ ಹೋದ ಆಟಗಳಿವೆ. 1987ರ ಆರ್ಸ್ ಮ್ಯಾಜಿಕಾದಲ್ಲಿ ಮಂತ್ರವಾದಿಗಳು ಒಂದು ಋತುವಿಡೀ ತಮ್ಮ ಕೋಣೆಯಲ್ಲಿ ಕೂತು ಅಭ್ಯಾಸ ಮಾಡುತ್ತಾರೆ. ಒಬ್ಬೊಬ್ಬರಿಗೂ ಒಂದಕ್ಕಿಂತ ಹೆಚ್ಚು ಪಾತ್ರ, ಕಾವಲಿನ ಆಳುಗಳು ಎಲ್ಲರಿಗೂ ಸೇರಿದವು. ಮಂತ್ರವಾದಿ ಈ ಸಲ ಬರಲಿಲ್ಲವೇ, ಓದುತ್ತಿದ್ದಾನೆ ಬಿಡು. 2017ರ ಬ್ಲೇಡ್ಸ್ ಇನ್ ದಿ ಡಾರ್ಕ್ ಕಳ್ಳರ ಗುಂಪಿನ ಕಥೆ. ಅದರಲ್ಲಿ ಚಟಕ್ಕೆ ಬಿದ್ದು ಅತಿಯಾದವನು ಕೆಲವು ವಾರ ಕಾಣೆಯಾಗುವುದು ನಿಯಮದಲ್ಲೇ ಇದೆ, ಅಲ್ಲಿಯವರೆಗೆ ಬೇರೆ ಪಾತ್ರ ಆಡು ಅನ್ನುತ್ತದೆ. ಮನುಷ್ಯರು ಬರುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಕಟ್ಟಿದ ಆಟಗಳು ಇವು.

ನಮ್ಮ ಭಾಗವತ ಈಗ ಪ್ರತಿ ಶನಿವಾರ ಹನ್ನೆರಡೂವರೆಯೊಳಗೆ ನಮ್ಮನ್ನು ಹೇಗಾದರೂ ಮಾಡಿ ಒಂದು ಧರ್ಮಛತ್ರಕ್ಕೆ ತಂದು ಮುಟ್ಟಿಸುತ್ತಾನೆ. ಕೆಲವೊಮ್ಮೆ ದಬ್ಬಿಕೊಂಡೇ ಬರುತ್ತಾನೆ, ಅದು ಗೊತ್ತಾಗುತ್ತದೆ. ಇರಲಿ.

ಇನ್ನು ಅಂಕದ ವಿಚಾರ. ಈ ಆಟದಲ್ಲಿ ಗೆದ್ದಷ್ಟೂ ಅನುಭವದ ಅಂಕ ಸಿಗುತ್ತದೆ, ಅಂಕ ಸೇರಿದರೆ ಪಾತ್ರ ಮೇಲಿನ ಹಂತಕ್ಕೆ ಹೋಗುತ್ತದೆ. ಬಾರದವರಿಗೂ ಅಂಕ ಕೊಡಬೇಕೇ? 2014ರ ಪುಸ್ತಕ ಸಾಮಾನ್ಯವಾಗಿ ಕೊಡುವುದಿಲ್ಲ ಅನ್ನುತ್ತದೆ. ಎರಡು ಮೂರು ಹಂತದ ಅಂತರದಿಂದ ಆಟ ಕೆಡುವುದಿಲ್ಲ, ಬೇಕಾದರೆ ಎಲ್ಲರಿಗೂ ಸಮನಾಗಿಯೂ ಕೊಡಬಹುದು ಎಂದೂ ಸೇರಿಸುತ್ತದೆ. ಈ ಮಧ್ಯದ ಮಾತು ನಮಗೆ ಒಪ್ಪಿಗೆಯಿಲ್ಲ.

ಲೆಕ್ಕ ಹಾಕಿ ನೋಡಿ. ಎರಡನೆಯ ಹಂತಕ್ಕೆ 300 ಅಂಕ ಸಾಕು, ಐದನೆಯ ಹಂತಕ್ಕೆ 6,500 ಬೇಕು. ಐದನೆಯ ಹಂತದ ಯೋಧನೊಬ್ಬನಿಗೆ 44 ಜೀವಬಲ ಇರಬಹುದು. ಎರಡನೆಯ ಹಂತದ ಮಂತ್ರವಾದಿಗೆ 14. ಎದುರಾಳಿ ಬೆಂಕಿಯ ಉಂಡೆ ಎಸೆದ ಅನ್ನಿ. ಎಂಟು ದಾಳ ಹಾಕಿದರೆ ಸರಾಸರಿ 28ರ ಪೆಟ್ಟು. ಯೋಧ ಮೈ ಒದರಿಕೊಂಡು ನಿಲ್ಲುತ್ತಾನೆ. ಮಂತ್ರವಾದಿ ದಾಳ ಚೆನ್ನಾಗಿ ಬಿದ್ದು ಅರ್ಧ ಪೆಟ್ಟು ತಪ್ಪಿಸಿಕೊಂಡರೂ 14, ಅಲ್ಲಿಗೆ ನೆಲಕ್ಕೆ ಬಿದ್ದ. ಬರಲಾಗದವನು ಹಿಂದೆ ಉಳಿಯುತ್ತಾನೆ, ಹಿಂದೆ ಉಳಿದವನು ಬಂದ ದಿನವೇ ಬೀಳುತ್ತಾನೆ, ಬಿದ್ದವನಿಗೆ ಮತ್ತೆ ಬರುವ ಮನಸ್ಸಿರುವುದಿಲ್ಲ.

ಯಾರು ಹಿಂದೆ ಉಳಿಯುತ್ತಾರೆ ಎಂದೂ ಕೇಳಬೇಕು. ನಮ್ಮ ಗುಂಪಿನ ಹಾಜರಿ ತೆಗೆದು ನೋಡಿದೆವು. ಹೆಚ್ಚು ಗೈರಾದವರು ಇಬ್ಬರು, ಮಕ್ಕಳ ತಾಯಿ ಮತ್ತು ಎಮ್ಮೆ ಸಾಕುವವನು. ಒಂದೂ ತಪ್ಪಿಸದವನು ಡೆಸ್ಕಿನ ಗೆಳೆಯ. ಅವನಿಗೆ ಶನಿವಾರ ವಾರದ ರಜೆ, ಒಂದೇ ಕೋಣೆಯ ಬಾಡಿಗೆ ಮನೆ, ಬಾಗಿಲು ಹಾಕಿಕೊಂಡರೆ ಕೇಳುವವರಿಲ್ಲ. ಹಾಜರಿಗೆ ಅಂಕ ಅಂದರೆ ಬಾಗಿಲು ಹಾಕಿಕೊಳ್ಳಲು ಕೋಣೆ ಇದ್ದವರಿಗೆ ಅಂಕ ಎಂದಾಗುತ್ತದೆ. ಮನೆ ಮಂದಿಯೆಲ್ಲ ಮಲಗಿದ ಮೇಲೆ ಹಿತ್ತಲಲ್ಲಿ ನಿಂತು, ಫೋನಿಗೆ ಸೆರಗು ಅಡ್ಡ ಹಿಡಿದು ದಾಳದ ಸಂಖ್ಯೆ ಹೇಳುವವಳು ತಿಂಗಳಿಗೆ ಒಂದು ಸಲ ಬಂದರೂ ಅದು ಕಡಿಮೆ ಅಲ್ಲ.

ಡೆಸ್ಕಿನ ಗೆಳೆಯನ ಕಡೆಗೂ ನ್ಯಾಯ ಇದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ಪ್ರತಿ ವಾರ ಬಂದು ಕೂರುವವನಿಗೂ ಬೇಸರ ಆಗುತ್ತದೆ. ಇವತ್ತಾದರೂ ಗುಡ್ಡದ ಕೋಟೆಗೆ ಹೋಗೋಣ ಅಂತ ವಾರವಿಡೀ ಕಾದಿರುತ್ತಾನೆ, ಹತ್ತು ಗಂಟೆಗೆ ಇಬ್ಬರೇ ಇರುತ್ತಾರೆ. ‘ನಾ ಬಂದದ್ದಕ್ಕ ಏನೂ ಇಲ್ಲೇನು?’ ಅನ್ನುವುದು ಸಿಟ್ಟಿನ ಮಾತಲ್ಲ, ಸಂಕಟದ ಮಾತು. ಅವನಿಗೆ ಸಿಗಬೇಕಾದದ್ದು ಸಿಗಲಿ. ಆ ರಾತ್ರಿ ಗೆದ್ದ ಕತ್ತಿ, ಉಂಗುರ, ಊರಿನ ಗೌಡನ ಸ್ನೇಹ ಇವೆಲ್ಲ ಅಲ್ಲಿದ್ದವರಿಗೇ ಸೇರಲಿ. ಆ ನೆನಪೂ ಅವರದೇ. ಹಂತ ಮಾತ್ರ ಎಲ್ಲರಿಗೂ ಒಂದೇ ಇರಲಿ. ಈ ಒಪ್ಪಂದಕ್ಕೆ ಅವನೂ ಕೊನೆಗೆ ಹೂಂ ಅಂದ, ಅರ್ಧ ಮನಸ್ಸಿನಿಂದ. ಇಬ್ಬರೇ ಬಂದ ರಾತ್ರಿಗೆ ಬೇರೆ ಸಣ್ಣ ಕಥೆ ಇಟ್ಟಿದ್ದೇವೆ, ಅದರಲ್ಲಿ ಅವನೇ ಭಾಗವತ.

ಹೇಳದೆ ಕೈ ಕೊಡುವವರ ಬಗ್ಗೆ ನಮಗೆ ಕನಿಕರ ಕಡಿಮೆ. ಕಾರಣ ಹೇಳಬೇಕಿಲ್ಲ. ‘ಇವತ್ತು ಆಗಲ್ಲ’ ಅಂತ ಎರಡು ಪದ ಬರೆಯಲು ಎಮ್ಮೆಯ ಕೊಟ್ಟಿಗೆಯಿಂದಲೂ ಆಗುತ್ತದೆ. ಅಷ್ಟೂ ಮಾಡದವನ ಪಾತ್ರವನ್ನು ಠಾಣೆಯಲ್ಲಿ ಇನ್ನೊಂದು ವಾರ ಹೆಚ್ಚು ಕೂರಿಸಿದರೆ ಅನ್ಯಾಯವೇನಲ್ಲ. ಕೊಲ್ಲುವುದು ಬೇಡ ಅಷ್ಟೇ.

ನಮ್ಮ ಪೂಜಾರಿಣಿಯ ಹಾಳೆಯ ಹಿಂದೆ ಏನು ಬರೆಯಬೇಕೆಂದು ಅವಳನ್ನೇ ಕೇಳಿದೆವು. ಮಧ್ಯಾಹ್ನ ಮಕ್ಕಳು ಮಲಗಿದಾಗ ಧ್ವನಿ ಸಂದೇಶ ಕಳಿಸಿದಳು: ‘ದೇವರು ಕರದಾಗ ಹೋಗ್ತಾಳ ಅಂತ ಬರೀರಿ. ಯಾವ ದೇವರು ಅಂತ ಕೇಳಬ್ಯಾಡ್ರಿ. ಮನ್ಯಾಗ ಎರಡು ಅದಾವ.’ ಹಾಗೇ ಬರೆದಿದ್ದೇವೆ. ಕಥೆಯೊಳಗೆ ಅವು ಎರಡು ಬಾಲದೇವತೆಗಳು, ಹೊತ್ತು ಗೊತ್ತಿಲ್ಲದೆ ಪೂಜೆ ಕೇಳುತ್ತವೆ. ಒಮ್ಮೆ ಭಾಗವತ ಆ ಗುಡಿಯನ್ನೇ ಕಥೆಯ ಹಾದಿಯಲ್ಲಿ ತಂದ. ಅವತ್ತು ಅವಳೂ ಇದ್ದಳು. ಗುಡಿಯ ಬಾಗಿಲಲ್ಲಿ ಚೆಲ್ಲಿದ ಹಾಲು, ಮುರಿದ ಬಳಪ ಬಿದ್ದಿದ್ದವು ಅಂತ ಅವಳೇ ವರ್ಣಿಸಿದಳು.

ಇನ್ನೊಂದು ಬಗೆಯ ಗೈರು ಇದೆ, ಮತ್ತೆ ಬಾರದವರದು. ಹೋದ ವರ್ಷದವರೆಗೆ ನಾವು ಏಳು ಜನ ಇದ್ದೆವು. ಏಳನೆಯವನಿಗೆ ಕೊಲ್ಲಿ ದೇಶದಲ್ಲಿ ಗೋದಾಮಿನ ಕೆಲಸ ಸಿಕ್ಕಿತು. ಅಲ್ಲಿಯ ಪಾಳಿಗೂ ನಮ್ಮ ಶನಿವಾರಕ್ಕೂ ಹೊಂದುವುದೇ ಇಲ್ಲ. ಇಂಥ ಹೊತ್ತಲ್ಲಿ ವೀರಮರಣ ಕೊಡಿಸುವ ಆಸೆ ಬಹಳ ಬರುತ್ತದೆ, ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಅದನ್ನು ಅವನೇ ಹೇಳಬೇಕು, ಸಾಧ್ಯವಾದರೆ ಕೊನೆಯ ದಾಳ ಅವನೇ ಹಾಕಬೇಕು. ನಾವು ಹೊರಡುವ ಮೊದಲೇ ಕೇಳಿದೆವು. ‘ಕೊಲ್ಲಬ್ಯಾಡ್ರಪಾ, ಎಲ್ಲ್ಯಾರ ಕುಂದ್ರಿಸ್ರಿ’ ಅಂದ.

ಅವನ ಯೋಧ ಈಗ ಹೊಳೆಯ ಸೇತುವೆಯ ಹತ್ತಿರ ಸುಂಕದ ಕಟ್ಟೆ ನೋಡಿಕೊಳ್ಳುತ್ತಾನೆ. ದಾಟುವಾಗಲೆಲ್ಲ ನಾವು ತಲಾ ಎರಡು ಬೆಳ್ಳಿ ನಾಣ್ಯ ಕೊಡುತ್ತೇವೆ. ಎಮ್ಮೆಯ ಗೆಳೆಯ ಪ್ರತಿ ಸಲ ಚೌಕಾಸಿ ಮಾಡುತ್ತಾನೆ, ನಾಳೆ ಕೊಡುತ್ತೇನೆ ಅನ್ನುತ್ತಾನೆ. ಆ ಲೆಕ್ಕವನ್ನು ಭಾಗವತ ಬರೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಪಾಳಿ ಮುಗಿಸಿ ಬಂದು, ನಮಗೆ ಬೆಳಗಾಗುವ ಹೊತ್ತಿಗೆ, ಅಲ್ಲಿಂದ ಒಂದು ಸಾಲು ಬಂದಿರುತ್ತದೆ: ‘ಎಮ್ಮಿ ಮಾಲಕಂದು ಬಾಕಿ ಎಷ್ಟಾತು?’